ಏರ್ ಫ್ರೈಯರಿಗೆ ದಮ್ಮು ಹತ್ತಿದಾಗ

"ಅದಕ್ಕ ದಮ್ಮ ಹತ್ತೇತಿ ನೋಡು," ಎಂದಳು ಅವ್ವ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, ಕಟ್ಟೆಯ ಮೇಲೆ ಪಕ್ಕದಲ್ಲೇ ಗೊರಗೊರ ಅನ್ನುತ್ತಿದ್ದ ಏರ್ ಫ್ರೈಯರಿನ ಕಡೆ ಹಿಟ್ಟು ಮೆತ್ತಿದ ಬೆರಳು ತೋರಿಸಿದಳು. ನಾನು ನಕ್ಕೆ. ಮೆಷಿನ್ನಿಗೆ ಎಲ್ಲಿಯ ದಮ್ಮು?

ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿದೆ. ಏರ್ ಫ್ರೈಯರ್ ತಂದು ಎರಡು ವರ್ಷ ದಾಟಿತ್ತು. ಮೊದಮೊದಲು ಟೇಬಲ್ ಫ್ಯಾನಿನ ಹಾಗೆ ಸುಂಯ್ ಅಂತ ಓಡುತ್ತಿತ್ತು. ಆಮೇಲೆ ಯಾವಾಗ ಶುರುವಾಯಿತೋ ಗೊತ್ತಿಲ್ಲ, ಗೊರಗೊರ ಬಂತು. ಅದರ ಹಿಂದೆ ಖಡಖಡ, ಟಕಟಕ. ಒಂದು ದಿನ ಪಕ್ಕದ ಮನೆಯ ವೈನಿ ಬಾಗಿಲಲ್ಲೇ ನಿಂತು, "ಏನ್ರೀ, ಮನ್ಯಾಗ ಗಿರಣಿ ಹಾಕೀರೇನು?" ಅಂದರು. ಒಂದು ರಿಪೇರಿ ಅಂಗಡಿಗೆ ಫೋನ್ ಮಾಡಿದೆ. ಎಂಥಾ ಶಬ್ದ ಅಂತಲೂ ಅವರು ಕೇಳಲಿಲ್ಲ. "ಮೋಟರ್ ಹೋಗಿರ್ತೇತ್ರಿ, ಬದ್ಲಿ ಮಾಡಬೇಕು" ಅಂದುಬಿಟ್ಟರು.

ಮೋಟರ್ ಹೋಗಿರಲಿಲ್ಲ. ಮೂರು ಸಣ್ಣ ಕಾರಣಗಳು ಒಟ್ಟಿಗೆ ಸೇರಿಕೊಂಡಿದ್ದವು, ಮೂರೂ ನಮ್ಮ ಅಡುಗೆಮನೆಯವೇ. ಅದರಲ್ಲಿ ಒಂದನ್ನು ಅವ್ವ ಆಗಲೇ ಹೇಳಿಯಾಗಿತ್ತು. ಅದು ತಿಳಿಯಲು ನನಗೆ ಒಂದು ಭಾನುವಾರ ಪೂರ್ತಿ ಬೇಕಾಯಿತು.

ಒಳಗೆ ಏನಿದೆ?

ಶಬ್ದ ಎಲ್ಲಿಂದ ಬರುತ್ತದೆ ಅಂತ ಹುಡುಕಬೇಕಾದರೆ ಒಳಗಿನ ಜೋಡಣೆ ಗೊತ್ತಿರಬೇಕು. ಅದು ಕಷ್ಟದ್ದೇನಲ್ಲ. ಹೆಸರಲ್ಲಿ ಫ್ರೈಯರ್ ಅಂತ ಇದ್ದರೂ ಇದು ಕರಿಯುವುದಿಲ್ಲ. ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಬಿಸಿಗಾಳಿಯನ್ನು ಜೋರಾಗಿ ಸುತ್ತಿಸುವ ಸಣ್ಣ ಒಲೆ ಇದು, ಅಷ್ಟೇ. ಫ್ಯಾನ್ ಇರುವ ಓವನ್ ಮೊದಲಿನಿಂದಲೂ ಇತ್ತು. ಅದನ್ನೇ ಚಿಕ್ಕದು ಮಾಡಿ, 2010ರಲ್ಲಿ ಫಿಲಿಪ್ಸ್ ಕಂಪನಿ ಬರ್ಲಿನ್ನಿನ ಮೇಳದಲ್ಲಿ 'ಏರ್‌ಫ್ರೈಯರ್' ಅಂತ ತೋರಿಸಿದ ಮೇಲೆ ಈ ಹೆಸರು ಎಲ್ಲ ಕಡೆ ಓಡಾಡಿತು.

ಬುಟ್ಟಿ ಎಳೆಯುವ ಮಾದರಿಯನ್ನು ಮೇಲಿನಿಂದ ಕೆಳಕ್ಕೆ ಸೀಳಿ ನೋಡಿದರೆ ಹೀಗಿರುತ್ತದೆ. ಎಲ್ಲಕ್ಕಿಂತ ಮೇಲೆ ಪ್ಲಾಸ್ಟಿಕ್ ಮುಚ್ಚಳ. ಅದರ ಕೆಳಗೆ ಒಂದು ಸಣ್ಣ ಫ್ಯಾನು, ಅದರ ಕೆಳಗೆ ಮೋಟರ್. ಆಮೇಲೆ ಬಿಸಿ ಮೇಲಕ್ಕೆ ಹೋಗದಂತೆ ತಡೆಯುವ ತಗಡು. ತಗಡಿನ ಕೆಳಗೆ ಇನ್ನೊಂದು ಫ್ಯಾನು, ಇದು ಲೋಹದ್ದು. ಅದರ ಕೆಳಗೆ ಸುರುಳಿ ಹೀಟರು, ಹೀಟರಿಗೆ ಜಾಳಿಗೆ, ಕೊನೆಗೆ ಬುಟ್ಟಿ. ಬಹಳಷ್ಟು ಮಾದರಿಗಳಲ್ಲಿ ಎರಡೂ ಫ್ಯಾನು ಒಂದೇ ಮೋಟರಿನ ಒಂದೇ ಕಡ್ಡಿಗೆ ಸಿಕ್ಕಿಸಿರುತ್ತವೆ. ಕೆಳಗಿನದು ಅಡುಗೆಯ ಸಲುವಾಗಿ, ಮೇಲಿನದು ಮೋಟರಿನ ಸಲುವಾಗಿ. ಕೆಳಗೆ 180, 200 ಡಿಗ್ರಿ ಉರಿ ಇರುವಾಗ ಮೇಲೆ ಕೂತ ಮೋಟರಿಗೆ ತಂಪುಗಾಳಿ ಬೇಕಲ್ವಾ? ಆ ಗಾಳಿಯನ್ನು ಹೊರಗಿನಿಂದ ಎಳೆದುಕೊಳ್ಳಲು ಮೇಲೋ ಬದಿಗೋ ಸೀಳುಗಳಿರುತ್ತವೆ. ಬಿಸಿಗಾಳಿ ಹಿಂಬದಿಯಿಂದ ಹೊರಗೆ ಹೋಗುತ್ತದೆ.

ಅಂದರೆ ಮೆಷಿನ್ನು ನಿಜವಾಗಿಯೂ ಉಸಿರಾಡುತ್ತದೆ. ಈ ಮಾತು ನೆನಪಿರಲಿ.

ಇನ್ನೊಂದು ವಿಷಯ ಫ್ಯಾನಿನ ವೇಗ. ತಲೆ ಮೇಲೆ ತಿರುಗುವ ಸೀಲಿಂಗ್ ಫ್ಯಾನು ಪೂರ್ತಿ ಜೋರಿನಲ್ಲಿ ನಿಮಿಷಕ್ಕೆ 300-400 ಸುತ್ತು ತಿರುಗುತ್ತದೆ. ಏರ್ ಫ್ರೈಯರಿನ ಪುಟ್ಟ ಫ್ಯಾನು ಸಾಮಾನ್ಯವಾಗಿ 2000 ದಾಟಿರುತ್ತದೆ. ಲೆಕ್ಕಕ್ಕೆ 2500 ಅಂತ ಇಟ್ಟುಕೊಂಡರೆ ಸೆಕೆಂಡಿಗೆ ಸುಮಾರು 42 ಸುತ್ತು. ಇಷ್ಟು ಜೋರಾಗಿ ತಿರುಗುವುದಕ್ಕೆ ಚೂರು ಏನೋ ಅಂಟಿದರೂ, ತಗುಲಿದರೂ ಸಪ್ಪಳ ಬರುತ್ತದೆ.

ಹೆದರಬೇಕಿಲ್ಲದ ಸಪ್ಪಳಗಳು

ಸಪ್ಪಳವೇ ಇಲ್ಲದ ಏರ್ ಫ್ರೈಯರ್ ಅಂತ ಒಂದಿಲ್ಲ. ಒಳ್ಳೆಯ ಸ್ಥಿತಿಯಲ್ಲಿರುವುದು ಸಾಮಾನ್ಯವಾಗಿ 50ರಿಂದ 65 ಡೆಸಿಬಲ್ ಸದ್ದು ಮಾಡುತ್ತದೆ. ಪಕ್ಕದಲ್ಲಿ ನಿಂತು ಮಾತಾಡಿದರೆ ದನಿ ಎತ್ತರಿಸಬೇಕಿಲ್ಲ. ಚಟ್ನಿ ರುಬ್ಬುವ ಮಿಕ್ಸರ್ 80 ದಾಟುತ್ತದೆ. ಫೋನಿನಲ್ಲಿ ಡೆಸಿಬಲ್ ಅಳೆಯುವ ಆ್ಯಪ್ ಇರುತ್ತವೆ. ಅವುಗಳ ಅಂಕಿಯನ್ನು ಪೂರ್ತಿ ನಂಬಬೇಡಿ. ಆದರೆ ಹೋದ ತಿಂಗಳಿಗೂ ಈ ತಿಂಗಳಿಗೂ ಹೋಲಿಸಿ ನೋಡಲು ಸಾಕು. ನನ್ನನ್ನು ಕೇಳಿದರೆ, ಹೊಸದು ತಂದ ದಿನವೇ ಅರ್ಧ ನಿಮಿಷ ಅದರ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಬೇಕು. ನಾನು ಮಾಡಿರಲಿಲ್ಲ.

ಆಗಾಗ ಟಕ್ ಅನ್ನುವುದು ಥರ್ಮೋಸ್ಟಾಟು. ಇಸ್ತ್ರಿ ಪೆಟ್ಟಿಗೆಯಲ್ಲೂ ಇದೇ ಟಕ್ ಕೇಳಿರುತ್ತೀರಿ. ಬೇಕಾದಷ್ಟು ಬಿಸಿಯಾದ ಕೂಡಲೇ ಹೀಟರ್ ಆರಿಸುತ್ತದೆ, ತಣ್ಣಗಾದರೆ ಮತ್ತೆ ಹಚ್ಚುತ್ತದೆ. ಡಿಜಿಟಲ್ ಮಾದರಿಯಲ್ಲಿ ಇದೇ ಕೆಲಸವನ್ನು ರಿಲೇ ಅನ್ನುವ ಸಣ್ಣ ಸ್ವಿಚ್ಚು ಮಾಡುತ್ತದೆ, ಅದೂ ಟಕ್ ಅನ್ನುತ್ತದೆ. ತಿರುಗಿಸುವ ಟೈಮರ್ ಇದ್ದರೆ ಗಡಿಯಾರದ ಹಾಗೆ ಟಿಕ್‌ಟಿಕ್ ಇದ್ದೇ ಇರುತ್ತದೆ.

ಬಿಸಿಯಾಗುವಾಗಲೂ ಆರುವಾಗಲೂ ಬಿಟ್ಟು ಬಿಟ್ಟು ಟಣ್, ಟುಕ್ ಅನ್ನುವುದು ತಗಡು ಹಿಗ್ಗಿ ಕುಗ್ಗುವ ಸದ್ದು. ಬೇಸಿಗೆಯ ಸಂಜೆ ಪತ್ರಾಸಿನ ಮನೆಯಲ್ಲಿ ಕೂತರೆ ಮಾಡು ಟಣ್ ಟಣ್ ಅನ್ನುತ್ತದಲ್ಲ, ಇದೂ ಅದೇ. 30 ಸೆಂಟಿಮೀಟರ್ ಉದ್ದದ ಉಕ್ಕಿನ ತಗಡು 30 ಡಿಗ್ರಿಯಿಂದ 200 ಡಿಗ್ರಿಗೆ ಹೋದರೆ ಅರ್ಧ ಮಿಲಿಮೀಟರಿಗಿಂತ ತುಸು ಜಾಸ್ತಿ ಉದ್ದವಾಗುತ್ತದೆ. ಸುತ್ತಲೂ ಸ್ಕ್ರೂ ಬಿಗಿದಿರುವಾಗ ಆ ಅರ್ಧ ಮಿಲಿಮೀಟರು ಎಲ್ಲಿಗೆ ಹೋಗಬೇಕು? ಸಿಕ್ಕಲ್ಲಿ ಡೊಂಕಾಗುತ್ತದೆ, ಡೊಂಕಾಗುವಾಗ ಸದ್ದು ಮಾಡುತ್ತದೆ. ಹಸಿ ಬದನೆಕಾಯಿ ಇಟ್ಟಾಗ ಬರುವ ಚಟಚಟ ನೀರಿನದು. ಇವು ಯಾವುದಕ್ಕೂ ರಿಪೇರಿ ಇಲ್ಲ, ಬೇಕಾಗಿಯೂ ಇಲ್ಲ.

ಬಿಚ್ಚುವ ಮುಂಚೆ ಕಿವಿ

ಸಪ್ಪಳಕ್ಕೆ ನಮ್ಮ ಮಾತಿನಲ್ಲಿ ಹೆಸರುಗಳಿಗೆ ಬರವಿಲ್ಲ. ಗೊರಗೊರ, ಖಡಖಡ, ಟಕಟಕ, ಕಿರ್ರ್, ಗುಂಯ್, ಚರಚರ. ಒಂದೊಂದಕ್ಕೂ ಒಂದೊಂದು ಮೂಲ ಇರುತ್ತದೆ. ಆದ್ದರಿಂದ ರಿಪೇರಿಯವರಿಗೆ ಫೋನ್ ಮಾಡಿದಾಗ "ಸೌಂಡ್ ಬರ್ತದ್ರಿ" ಅಂದರೆ ಸಾಲದು. ಎಂಥಾ ಸೌಂಡು, ಯಾವಾಗ ಬರುತ್ತದೆ, ಹೇಗೆ ನಿಲ್ಲುತ್ತದೆ ಅಂತ ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ನನಗೆ ಎಲ್ಲಕ್ಕಿಂತ ಉಪಯೋಗವಾದದ್ದು ಕೊನೆಯ ಪ್ರಶ್ನೆ. ಸ್ವಿಚ್ ಆರಿಸಿ ಕಿವಿ ಕೊಡಿ. ಆರಿಸಿದ ಕ್ಷಣವೇ ಸದ್ದು ಕತ್ತರಿಸಿದ ಹಾಗೆ ನಿಂತರೆ ಅದು ಕರೆಂಟಿಗೆ ಸೇರಿದ್ದು, ಮೋಟರಿನ ಸುರುಳಿಯ ಗುಂಯ್ ಅಂಥದ್ದು. ಫ್ಯಾನು ನಿಧಾನವಾಗುತ್ತಾ ಹೋದಂತೆ ಸದ್ದೂ ನಿಧಾನವಾಗಿ, ಟಕಟಕ... ಟಕ್... ಟಕ್ ಅಂತ ಬಿಡಿಬಿಡಿಯಾಗಿ ನಿಂತರೆ, ತಿರುಗುವುದಕ್ಕೆ ಏನೋ ತಗುಲುತ್ತಿದೆ ಅಂತ ಅರ್ಥ. ಆದರೆ ಕೆಲವು ಡಿಜಿಟಲ್ ಮಾದರಿಗಳಲ್ಲಿ ಅಡುಗೆ ಮುಗಿದ ಮೇಲೂ ಸ್ವಲ್ಪ ಹೊತ್ತು ಫ್ಯಾನು ಬೇಕಂತಲೇ ಓಡುತ್ತದೆ. ಅಂಥವಕ್ಕೆ ಗೋಡೆಯ ಸ್ವಿಚ್ಚನ್ನೇ ಆರಿಸಿ ನೋಡಬೇಕು.

ಎರಡನೆಯದು, ಸದ್ದು ಬರುತ್ತಿರುವಾಗಲೇ ಅಂಗೈಯಿಂದ ಮೆಷಿನ್ನಿನ ಬದಿಯನ್ನು ಮೆತ್ತಗೆ ಒತ್ತಿ. ಹಿಂಬದಿಗೆ ಕೈ ಒಯ್ಯಬೇಡಿ, ಅಲ್ಲಿ ಬಿಸಿಗಾಳಿ ಬರುತ್ತದೆ. ಒತ್ತಿದ ಕೂಡಲೇ ಸದ್ದು ಬದಲಾದರೆ ತಪ್ಪು ಒಳಗಿನದಲ್ಲ. ಮೈ, ಬುಟ್ಟಿ ಅಥವಾ ಕೆಳಗಿನ ಕಟ್ಟೆಯದು.

ಮೂರನೆಯದು, ಬುಟ್ಟಿಯೊಳಗಿನ ಜಾಲರಿ ತಟ್ಟೆಯನ್ನು ತೆಗೆದು, ಬುಟ್ಟಿಯನ್ನು ಖಾಲಿ ಮುಚ್ಚಿ, ಕಡಿಮೆ ಬಿಸಿಯಲ್ಲಿ ಎರಡು ನಿಮಿಷ ಓಡಿಸಿ. ಖಡಖಡ ನಿಂತರೆ ಕಳ್ಳ ಸಿಕ್ಕ. ಆ ತಟ್ಟೆಯ ಅಂಚಿಗೆ ಸಣ್ಣ ರಬ್ಬರ್ ಗುಬುಟುಗಳು ಇರುತ್ತವೆ. ಅವು ಬಿಸಿ ತಡೆಯುವ ಸಿಲಿಕೋನಿನವು. ತೊಳೆಯುವಾಗ ಒಂದು ಕಳಚಿ ಮೋರಿಗೆ ಹೋದರೂ ತಟ್ಟೆ ಬುಟ್ಟಿಗೆ ಬಡಿದು ಖಡಖಡ ಅನ್ನುತ್ತದೆ. ಹೊಸ ಗುಬುಟು ಸಿಗುತ್ತವೆ. ಬದಲಿಗೆ ಸೈಕಲ್ ಟ್ಯೂಬಿನ ತುಂಡು ಸಿಕ್ಕಿಸುವ ನಮ್ಮ ಜಾಣತನ ಇಲ್ಲಿ ಬೇಡ, ಆ ರಬ್ಬರು ಬಿಸಿಗೆ ಕೆಟ್ಟು ಊಟದ ಜೊತೆಗೆ ಹೋದೀತು.

ಬುಟ್ಟಿ ಪೂರ್ತಿ ಹೊರಗಿದ್ದರೆ ಮೆಷಿನ್ನು ಶುರುವಾಗುವುದಿಲ್ಲ. ಅಲ್ಲೊಂದು ಸಣ್ಣ ಸ್ವಿಚ್ಚಿದೆ. ಒಳಗೆ ನೋಡೋಣ ಅಂತ ಆ ಸ್ವಿಚ್ಚನ್ನು ಕಡ್ಡಿಯಿಂದ ಒತ್ತಿ ಓಡಿಸುವವರನ್ನು ನೋಡಿದ್ದೇನೆ. ಕಾದ ಹೀಟರ್ ಕೆಳಗೆ ಮುಖ ಒಡ್ಡುವ ಕೆಲಸ ಅದು. ಬೇಡ.

ಶೇಂಗಾ ಸಿಪ್ಪೆಯ ಕತೆ

ನಾನು ಮೊದಲು ಬೆನ್ನು ಹತ್ತಿದ ಸಪ್ಪಳ ಟಕಟಕ. ಆರಿಸಿದರೆ ನಿಧಾನವಾಗಿ ನಿಲ್ಲುತ್ತಿತ್ತು. ಅಂದರೆ ಫ್ಯಾನಿಗೆ ಏನೋ ತಗುಲುತ್ತಿದೆ.

ಪ್ಲಗ್ ಕಿತ್ತು, ಅರ್ಧ ತಾಸು ಆರಲು ಬಿಟ್ಟು, ಬುಟ್ಟಿ ತೆಗೆದು, ಮೆತ್ತನೆಯ ಬಟ್ಟೆಯ ಮೇಲೆ ಮೆಷಿನ್ನನ್ನು ತಲೆಕೆಳಗೆ ಮಾಡಿದೆ. ಟಾರ್ಚ್ ಬಿಟ್ಟು ನೋಡಿದರೆ ಹೀಟರ್ ಹಿಂದೆ, ಫ್ಯಾನಿನ ಸುತ್ತ ಕೆಂಪು ಕೆಂಪು ಚೂರುಗಳು. ಶೇಂಗಾ ಸಿಪ್ಪೆ!

ಶೇಂಗಾ ಚಟ್ನಿ ಇಲ್ಲದೆ ನಮ್ಮ ಕಡೆ ರೊಟ್ಟಿ ಊಟ ಆಗುವುದಿಲ್ಲ. ವಾರಕ್ಕೊಮ್ಮೆ ಅರ್ಧ ಕಿಲೋ ಶೇಂಗಾ ಇದರಲ್ಲೇ ಹುರಿಯುತ್ತಿದ್ದೆವು. ಚೆನ್ನಾಗಿ ಹುರಿಯುತ್ತದೆ, ಸುಳ್ಳೇಕೆ. ಆದರೆ ಹುರಿದ ಶೇಂಗಾದ ಸಿಪ್ಪೆ ಬಿಡುತ್ತದಲ್ಲ, ಅದಕ್ಕೆ ತೂಕವೇ ಇಲ್ಲ. ಫ್ಯಾನು ಬುಟ್ಟಿಯ ಗಾಳಿಯನ್ನು ನಡುವಿನಿಂದ ಮೇಲಕ್ಕೆ ಎಳೆದು ಸುತ್ತಲೂ ಕೆಳಕ್ಕೆ ತಳ್ಳುತ್ತದೆ. ಸಿಪ್ಪೆಯೂ ಆ ಗಾಳಿಯ ಜೊತೆ ಮೇಲೇರಿ, ಜಾಳಿಗೆ ದಾಟಿ ಫ್ಯಾನಿಗೆ ಹೋಗುತ್ತದೆ. ಅಲ್ಲಿ ಎಣ್ಣೆಯ ಪಸೆ ಮೊದಲೇ ಇರುತ್ತದೆ. ಬಂದದ್ದು ಅಂಟಿ ಕೂರುತ್ತದೆ.

ಕರಿಬೇವು, ಮೆಂತ್ಯದ ಸೊಪ್ಪು, ತೆಳು ಅವಲಕ್ಕಿ, ಹಪ್ಪಳ ಎಲ್ಲದರ ಹಣೆಬರಹವೂ ಇದೇ. ಹಪ್ಪಳ ಹಾರಿ ಹೀಟರಿಗೆ ಅಂಟಿದ್ದನ್ನು ನೋಡಿದ್ದೇನೆ. ಚೂಡಾಕ್ಕೆಂದು ಅವಲಕ್ಕಿ ಹುರಿಯಲು ಹೋದರೆ ಅರ್ಧ ಬುಟ್ಟಿಯಲ್ಲಿ, ಅರ್ಧ ಜಾಳಿಗೆಯಲ್ಲಿ. ಇವಕ್ಕೆಲ್ಲ ಮೇಲೆ ಒಂದು ಸ್ಟೀಲ್ ಜಾಲರಿ ಮುಚ್ಚಬೇಕು, ಇಲ್ಲವೇ ಬಾಣಲೆಯಲ್ಲೇ ಹುರಿಯಬೇಕು. ನಾವು ಅವಲಕ್ಕಿಗೆ ಬಾಣಲೆಗೇ ಮರಳಿದೆವು.

ಎಲ್ಲಕ್ಕಿಂತ ಅಪಾಯದ್ದು ಬುಟ್ಟಿಗೆ ಹಾಸುವ ಬಟರ್ ಪೇಪರು. ಮೇಲೆ ಭಾರ ಇಲ್ಲದೆ, ಖಾಲಿ ಬುಟ್ಟಿ ಕಾಯಿಸುವಾಗಲೇ ಪೇಪರ್ ಹಾಕಿಬಿಟ್ಟರೆ ಅದು ಹಾರಿ ಮೇಲೆ ಹೋಗಿ ಪಟಪಟ ಬಡಿಯುತ್ತದೆ. ಪಟಪಟ ಕೇಳಿದರೆ ತಕ್ಷಣ ಆರಿಸಿ. ಹೀಟರಿಗೆ ತಗುಲಿದ ಪೇಪರ್ ಹೊತ್ತಿಕೊಳ್ಳಬಹುದು.

ಈಗ ಅಂಟಿದ ಕೊಳೆಯ ಲೆಕ್ಕ. ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಸಣ್ಣ ಕಲ್ಲೇ ಆದರೂ ಜೋರಾಗಿ ತಿರುಗಿಸಿದಾಗ ಕೈಯನ್ನು ಎಷ್ಟು ಎಳೆಯುತ್ತದೆ! ಫ್ಯಾನಿನ ನಡುವಿನಿಂದ 6 ಸೆಂಟಿಮೀಟರ್ ದೂರದಲ್ಲಿ ಬರೀ 1 ಗ್ರಾಂ ಕೊಳೆ ಒಂದೇ ಬದಿಗೆ ಅಂಟಿದೆ ಅನ್ನಿ. ನಿಮಿಷಕ್ಕೆ 2500 ಸುತ್ತಿನಲ್ಲಿ ಅದು ಕಡ್ಡಿಯನ್ನು ಸುಮಾರು 400 ಗ್ರಾಂ ತೂಕದಷ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. ಆ ಎಳೆತದ ದಿಕ್ಕೂ ಸೆಕೆಂಡಿಗೆ 42 ಸಲ ಸುತ್ತು ಹೊಡೆಯುತ್ತದೆ. ಹೀಗಾದರೆ ಮೆಷಿನ್ನು ಗಡಗಡ ನಡುಗದೆ ಇನ್ನೇನು ಮಾಡೀತು? ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ಸೀಲಿಂಗ್ ಫ್ಯಾನಿನ ಮೇಲೆ ಬೆರಳು ದಪ್ಪ ಧೂಳು ಕೂತರೂ ಅದು ಸುಮ್ನೆ ತಿರುಗುವುದು, ಇದು ಒಂದು ಗ್ರಾಮಿಗೇ ಕೂಗಾಡುವುದು ಇದಕ್ಕೇ.

ಸ್ವಚ್ಛ ಮಾಡುವುದು ತಾಳ್ಮೆಯ ಕೆಲಸ. ಮೆಷಿನ್ನು ತಲೆಕೆಳಗಾಗಿಯೇ ಇರಲಿ. ಹಳೆಯ ಟೂತ್‌ಬ್ರಷ್ಷನ್ನು ಪಾತ್ರೆ ಸೋಪಿನ ನೀರಲ್ಲಿ ಅದ್ದಿ, ಚೆನ್ನಾಗಿ ಒದರಿ, ಬರೀ ತೇವ ಉಳಿದಾಗ ತಿಕ್ಕಬೇಕು. ನೀರು ಸುರಿಯಬಾರದು. ತಲೆಕೆಳಗಿರುವಾಗ ಸುರಿದ ನೀರು ಕಡ್ಡಿಯ ತೂತಿನಿಂದ ನೇರವಾಗಿ ಮೋಟರಿಗೆ ಇಳಿಯುತ್ತದೆ. ಹೀಟರ್ ಸುರುಳಿಯನ್ನು ಒತ್ತಿ ಬಗ್ಗಿಸಬೇಡಿ. ಊದಿನಕಡ್ಡಿಯ ಹಿಂಬದಿಯಿಂದ ಫ್ಯಾನಿನ ರೆಕ್ಕೆಯನ್ನು ಮೆಲ್ಲಗೆ ತಳ್ಳಿ ನೋಡಿ. ಸರಾಗವಾಗಿ ಒಂದಷ್ಟು ಸುತ್ತು ತಿರುಗಿ ನಿಂತರೆ ಒಳ್ಳೆಯದು. ಎಲ್ಲೋ ಒಂದು ಕಡೆ ಕೆರೆದರೆ ರೆಕ್ಕೆ ಬಗ್ಗಿದೆ, ಇಲ್ಲವೇ ಜಾಳಿಗೆ ಒಳಕ್ಕೆ ನೆಗ್ಗಿದೆ. ತಳ್ಳಿದ ಕೂಡಲೇ ಗಟ್ಟಿಯಾಗಿ ನಿಂತುಬಿಟ್ಟರೆ ತೊಂದರೆ ಮೇಲೆ, ಮೋಟರಿನಲ್ಲಿದೆ. ತಿರುಗಿ ಕೂರಿಸುವ ಮುಂಚೆ ಪೂರ್ತಿ ಒಣಗಬೇಕು. ನಮ್ಮ ಬಿಸಿಲಿಗೆ ಅದು ದೊಡ್ಡ ಮಾತಲ್ಲ.

ಸಿಪ್ಪೆ ತೆಗೆದ ಮೇಲೆ ಟಕಟಕ ನಿಂತಿತು. ಗೊರಗೊರ ಉಳಿಯಿತು.

ಹಿಟ್ಟು ನುಂಗಿದ ಫ್ಯಾನು

ಅವ್ವ ಹೇಳಿದ ದಮ್ಮು ಇದೇ. ಬಿಳಿಜೋಳದ ಹಿಟ್ಟು ಎಷ್ಟು ನುಣುಪು ಅಂತ ಸಾಣಿಸಿದವರಿಗೆ ಗೊತ್ತು. ದಿನಾ ಬೆಳಿಗ್ಗೆ ಏರ್ ಫ್ರೈಯರ್ ಪಕ್ಕದಲ್ಲೇ ಹಿಟ್ಟು ಸಾಣಿಸಿ, ಹಿಟ್ಟು ಉದುರಿಸಿ ಹತ್ತಿಪ್ಪತ್ತು ರೊಟ್ಟಿ ಬಡಿದರೆ ಆ ಹಿಟ್ಟು ಗಾಳಿಯಲ್ಲಿ ಹೊಗೆಯ ಹಾಗೆ ಏಳುತ್ತದೆ. ಅದೇ ಹೊತ್ತಿಗೆ ಮೆಷಿನ್ನು ಓಡುತ್ತಿದ್ದರೆ, ಮೇಲಿನ ಫ್ಯಾನು ಆ ಗಾಳಿಯನ್ನೇ ಸೀಳಿನಿಂದ ಒಳಗೆಳೆಯುತ್ತದೆ. ಅದರ ಜೊತೆ ಒಗ್ಗರಣೆಯ ಎಣ್ಣೆ ಹಬೆಯೂ ಇದೆ. ಎರಡೂ ಸೇರಿದರೆ ಏನಾಗುತ್ತದೆ? ಕಣಕ! ಎರಡು ವರ್ಷದಲ್ಲಿ ಆ ಸಣ್ಣ ಫ್ಯಾನಿನ ರೆಕ್ಕೆಗೆ ಕಣಕ ಮೆತ್ತಿ, ಒಣಗಿ, ಸುಣ್ಣ ಬಳಿದ ಹಾಗೆ ಆಗಿತ್ತು. ಸೀಳುಗಳು ಅರ್ಧ ಮುಚ್ಚಿದ್ದವು.

ಇದರಿಂದ ಎರಡು ಕೆಡುಕು. ತೂಕ ಒಂದೇ ಸಮ ಇಲ್ಲದೆ ಫ್ಯಾನು ನಡುಗುತ್ತದೆ. ಅದು ಕವಣೆಯ ಲೆಕ್ಕವೇ. ಇನ್ನೊಂದು, ಮೋಟರಿಗೆ ತಂಪು ಸಿಗುವುದಿಲ್ಲ. ಈ ಮೋಟರುಗಳಲ್ಲಿ ಕಡ್ಡಿ ತಿರುಗುವುದು ಬಹಳ ಸಲ ಕಂಚಿನ ಬುಶ್ಶಿನಲ್ಲಿ, ಅಂದರೆ ಕಡ್ಡಿಯನ್ನು ಹಿಡಿದಿಡುವ ಬಳೆಯಲ್ಲಿ. ಆ ಬುಶ್ಶಿನ ಮೈಯಲ್ಲೇ ಕಣ್ಣಿಗೆ ಕಾಣದ ತೂತುಗಳಿದ್ದು, ಅದರಲ್ಲಿ ಎಣ್ಣೆ ಹೀರಿಸಿ ಇಟ್ಟಿರುತ್ತಾರೆ. ಮೋಟರ್ ಕಾದಷ್ಟೂ ಆ ಎಣ್ಣೆ ಬೇಗ ಒಣಗುತ್ತದೆ. ಎಣ್ಣೆ ಒಣಗಿದ ಬುಶ್ಶಿನ ಸದ್ದು ಗೊರಗೊರದಿಂದ ಕಿರ್ರ್‌ಗೆ, ಕಿರ್ರ್‌ನಿಂದ ಕೀಂಗೆ ಏರುತ್ತದೆ. ಹಿಟ್ಟಿನ ಹಂತದಲ್ಲೇ ಹಿಡಿದರೆ ಬ್ರಷ್ಷಿನಲ್ಲಿ ಮುಗಿಯುತ್ತದೆ. ಬಿಟ್ಟರೆ ರಿಪೇರಿ ಅಂಗಡಿಯವರು ಹೇಳಿದ ಮಾತು ನಿಜವಾಗುತ್ತದೆ.

ಹೊರಗಿನ ಸೀಳುಗಳನ್ನು ಒಣ ಪೇಂಟ್ ಬ್ರಷ್ಷಿನಿಂದ ತಿಂಗಳಿಗೊಮ್ಮೆ ಒರೆಸುವುದು ಯಾರಾದರೂ ಮಾಡಬಹುದು. ಮೇಲಿನ ಫ್ಯಾನು ತಲುಪಲು ಮಾತ್ರ ಮುಚ್ಚಳ ಬಿಚ್ಚಬೇಕು. ವಾರಂಟಿ ಇದ್ದರೆ ಬಿಚ್ಚಬೇಡಿ, ಅವರಿಂದಲೇ ಮಾಡಿಸಿ. ನಮ್ಮದು ವಾರಂಟಿ ಮುಗಿದಿತ್ತು. ಬಿಚ್ಚುವ ಮುಂಚೆ ಪ್ರತಿ ಹಂತಕ್ಕೂ ಫೋಟೋ ತೆಗೆದೆ, ಯಾವ ವೈರ್ ಎಲ್ಲಿತ್ತು ಅಂತ ಆಮೇಲೆ ನೆನಪಿರುವುದಿಲ್ಲ. ಕೆಲವು ಸ್ಕ್ರೂಗಳ ತಲೆ ಮೂರು ಮೂಲೆಯದು, ಮನೆಯ ಸ್ಕ್ರೂಡ್ರೈವರ್ ಕೂರುವುದಿಲ್ಲ. ಫ್ಯಾನಿನ ನಟ್ಟು ಕೆಲವು ಮಾದರಿಗಳಲ್ಲಿ ಉಲ್ಟಾ ಥ್ರೆಡ್ಡಿನದು. ಬಿಚ್ಚುತ್ತೇನೆ ಅಂತ ತಿರುಗಿಸಿದಷ್ಟೂ ಬಿಗಿಯಾಗುತ್ತಿದ್ದರೆ ಬಲ ಹಾಕಬೇಡಿ, ಇನ್ನೊಂದು ದಿಕ್ಕಿಗೆ ಪ್ರಯತ್ನಿಸಿ. ಡಿಜಿಟಲ್ ಮಾದರಿಯಲ್ಲಿ ಸರ್ಕ್ಯೂಟ್ ಬೋರ್ಡಿಗೆ ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರಬಹುದು. ಇಷ್ಟು ಓದಿ ಕೈ ನಡುಗಿದರೆ, ಅಂಗಡಿಗೆ ಒಯ್ದು "ಮೇಲಿನ ಫ್ಯಾನ್ ಸ್ವಚ್ಛ ಮಾಡಿ ಕೊಡ್ರಿ" ಅಂತ ಸ್ಪಷ್ಟವಾಗಿ ಕೇಳಿ. ಬರೀ "ರಿಪೇರಿ" ಅನ್ನಬೇಡಿ.

ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿಬಿಡೋಣ ಅನ್ನುವ ಆಸೆ ನನಗೂ ಬಂದಿತ್ತು. ಆ ಗಾಳಿಯಲ್ಲಿ ನೀರಿನ ಪಸೆ ಇರುತ್ತದೆ. ಅದರ ರಭಸಕ್ಕೆ ಹಿಟ್ಟು ಹೊರಗೆ ಬರುವ ಬದಲು ಇನ್ನೂ ಒಳಗೆ, ಮೋಟರಿನ ಸಂದಿಗೆ ಹೋಗಿ ಕೂತರೆ ಕಷ್ಟ. ಬಿಟ್ಟೆ.

ಮೇಲಿನ ಫ್ಯಾನು ಪ್ಲಾಸ್ಟಿಕ್ಕಿನದಾಗಿದ್ದರೆ ಇನ್ನೊಂದನ್ನೂ ನೋಡಿ. ಬಿಸಿಗೆ ಅದರ ನಡುವಿನ ಗುಂಡಿ ಸೀಳು ಬಿಟ್ಟು, ಕಡ್ಡಿಯ ಮೇಲೆ ಸಡಿಲಾಗಿರಬಹುದು. ಅಂಥ ಫ್ಯಾನು ಓಲಾಡುತ್ತಾ ಮುಚ್ಚಳಕ್ಕೆ ಬಡಿಯುತ್ತದೆ. ಅಂಟು ಹಚ್ಚಿದರೆ ನಿಲ್ಲುವುದಿಲ್ಲ, ಫ್ಯಾನೇ ಬದಲಿಸಬೇಕು.

ಬುಶ್ಶಿಗೆ ಮನೆಯಲ್ಲೇ ಎಣ್ಣೆ ಬಿಡಬಹುದಾ ಅಂತ ಕೇಳುವವರಿದ್ದಾರೆ. ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಬಿಟ್ಟರೆ ಎರಡು ದಿನ ಸುಮ್ನಿರುತ್ತದೆ. ಆಮೇಲೆ ಆ ಎಣ್ಣೆ ಬಿಸಿಗೆ ಅಂಟಾಗಿ ಗಟ್ಟಿಯಾಗುತ್ತದೆ, ಮೊದಲಿಗಿಂತ ಕೆಟ್ಟದಾಗುತ್ತದೆ. ಹೊಲಿಗೆ ಮೆಷಿನ್ನಿನ ಎಣ್ಣೆಯೂ ಇಷ್ಟು ಬಿಸಿಗೆ ಅಲ್ಲ. ಜಾಸ್ತಿ ಬಿದ್ದರೆ ಕಡ್ಡಿಯ ಗುಂಟ ಇಳಿದು ಹೀಟರ್ ಮೇಲೆ, ಅಲ್ಲಿಂದ ನಿಮ್ಮ ಬದನೆಕಾಯಿಯ ಮೇಲೆ. ಇದನ್ನು ಬಿಸಿ ತಡೆಯುವ ಎಣ್ಣೆ ಇಟ್ಟುಕೊಂಡ ರಿಪೇರಿಯವರಿಗೇ ಬಿಡಿ.

ಗೋಡೆಗೆ ನಡೆದು ಹೋದದ್ದು

ಗೊರಗೊರ ಹೋಯಿತು, ಖಡಖಡ ಮಾತ್ರ ಹೋಗಲಿಲ್ಲ. ಅದರಲ್ಲೂ ಒಂದು ವಿಚಿತ್ರ. ಮೆಷಿನ್ನನ್ನು ಸರಿಯಾಗಿ ಇಟ್ಟ ದಿನ ಇರುತ್ತಿರಲಿಲ್ಲ. ನಾಲ್ಕು ದಿನಕ್ಕೆ ಮತ್ತೆ ಬರುತ್ತಿತ್ತು.

ಕೊನೆಗೆ ಕಾರಣ ಸಿಕ್ಕಿದ್ದು ಬೆಳಗಿನ ರೊಟ್ಟಿಯ ಹೊತ್ತಿಗೆ. ಅವ್ವ ದಪ್ ದಪ್ ಅಂತ ಬಡಿಯುತ್ತಿದ್ದರೆ ಪಕ್ಕದ ಏರ್ ಫ್ರೈಯರು ಒಂದೊಂದು ಪೆಟ್ಟಿಗೂ ಚೂರು ಚೂರು ಹಿಂದೆ ಸರಿಯುತ್ತಿತ್ತು. ಅದರ ನಾಲ್ಕು ಕಾಲಿನ ರಬ್ಬರಿನಲ್ಲಿ ಒಂದು ಉದುರಿ ಹೋಗಿತ್ತು. ಕಟ್ಟೆಯ ಮೇಲೆ ನಯವಾದ ಗ್ರಾನೈಟು, ಅದರ ಮೇಲೆ ಹಿಟ್ಟು. ಜಾರಲು ಇನ್ನೇನು ಬೇಕು? ನಾಲ್ಕು ದಿನದಲ್ಲಿ ಬೆನ್ನು ಗೋಡೆಯ ಟೈಲ್ಸಿಗೆ ತಾಗುತ್ತಿತ್ತು. ಅಲ್ಲಿಂದ ಮೆಷಿನ್ನಿನ ನಡುಕ ಟೈಲ್ಸಿಗೆ ಹೋಗಿ ಖಡಖಡ.

ಇದು ಬರೀ ಸಪ್ಪಳದ ಮಾತಲ್ಲ. ಬೆನ್ನು ಗೋಡೆಗೆ ತಾಗಿದರೆ ಬಿಸಿಗಾಳಿ ಹೊರಗೆ ಹೋಗಲು ದಾರಿ ಇರುವುದಿಲ್ಲ. ಹಿಂದೆ, ಬದಿಗೆ ಕನಿಷ್ಠ 10 ಸೆಂಟಿಮೀಟರ್ ಜಾಗ ಬಿಡಬೇಕು ಅಂತ ಬಹುತೇಕ ಕಂಪನಿಗಳ ಪುಸ್ತಿಕೆಯಲ್ಲಿ ಇರುತ್ತದೆ. ಒಂದು ಗೇಣಿನ ಅರ್ಧ ಅಂದುಕೊಳ್ಳಿ. ಅಡಿಯಲ್ಲಿ ಬಿಸಿ ತಡೆಯುವ ಸಿಲಿಕೋನ್ ಚಾಪೆ ಹಾಸಿದರೆ ಜಾರುವುದೂ ನಿಲ್ಲುತ್ತದೆ, ನಡುಕವೂ ಕಲ್ಲಿಗೆ ಇಳಿಯುವುದಿಲ್ಲ. ಆದರೆ ಮೆಷಿನ್ನಿನ ತಳದಲ್ಲೂ ಗಾಳಿಯ ಸೀಳು ಇದ್ದರೆ ಅದನ್ನು ಮುಚ್ಚದಂತೆ ನೋಡಿಕೊಳ್ಳಿ. ಮಡಚಿದ ಟವೆಲ್ ಬೇಡವೇ ಬೇಡ.

ಸಿಳ್ಳೆ ಹೊಡೆದಂತೆ ಸುಯ್ಯ್ ಅಂದರೆ ಬುಟ್ಟಿ ಪೂರ್ತಿ ಕೂತಿಲ್ಲ, ಸಂದಿಯಿಂದ ಗಾಳಿ ನುಗ್ಗುತ್ತಿದೆ ಅಂತ. ಒಮ್ಮೆ ಎಳೆದು ಮತ್ತೆ ತಳ್ಳಿ, ಅಷ್ಟೇ.

ತಕ್ಷಣ ಆರಿಸಬೇಕಾದ ಸದ್ದುಗಳು

ಇಲ್ಲಿ ತಮಾಷೆ ಬೇಡ. ಫ್ಯಾನು ತಿರುಗದೆ ಬರೀ ಗುಂಯ್ ಅಂದರೆ ಮೋಟರ್ ಸಿಕ್ಕಿಹಾಕಿಕೊಂಡಿದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಆಚೀಚೆ ಆಗುತ್ತದೆ. ಮೋಟರಿನ ಕಬ್ಬಿಣ ಅದರ ಎರಡು ಪಟ್ಟು, ಅಂದರೆ 100 ಸಲ ಕಂಪಿಸುತ್ತದೆ. ಆ ಗುಂಯ್ ಅದೇ. ಫ್ಯಾನು ನಿಂತಿದ್ದರೂ ಹೀಟರ್ ಕಾಯುತ್ತಿರುತ್ತದೆ, ಗಾಳಿ ಇಲ್ಲದೆ ಬಿಸಿ ಒಂದೇ ಕಡೆ ಸೇರುತ್ತದೆ. ಬಿಸಿ ಮಿತಿಮೀರಿದರೆ ಕರೆಂಟು ಕಡಿಯುವ ಥರ್ಮಲ್ ಫ್ಯೂಸ್ ಒಳಗಿರುತ್ತದೆ, ನಿಜ. ಅದನ್ನು ನಂಬಿ ಕೂರಬೇಡಿ, ಪ್ಲಗ್ ಕೀಳಿ.

ಚರಚರ ಸದ್ದು, ಸುಟ್ಟ ವಾಸನೆ ಎರಡೂ ಬಂದರೆ ಮೊದಲು ಗೋಡೆಯ ಪ್ಲಗ್ ನೋಡಿ. ಎಷ್ಟೋ ಸಲ ಸದ್ದು ಮೆಷಿನ್ನಿನದಲ್ಲ, ಅಲ್ಲಿಯದು. 1500 ವ್ಯಾಟಿನ ಏರ್ ಫ್ರೈಯರ್ 230 ವೋಲ್ಟಿನಲ್ಲಿ ಸುಮಾರು 6.5 ಆಂಪಿಯರ್ ಎಳೆಯುತ್ತದೆ. ಟಿವಿ, ಚಾರ್ಜರಿಗೆ ಹಾಕುವ ಸಣ್ಣ ಸಾಕೆಟ್ 6 ಆಂಪಿಯರಿನದು. ದಪ್ಪ ಕಾಲಿನ ಪ್ಲಗ್ಗಿಗೆ ಕನ್ವರ್ಟರ್ ಸಿಕ್ಕಿಸಿ ಸಣ್ಣ ಸಾಕೆಟ್ಟಿಗೆ ಹಾಕಿದರೆ, ಒಳಗಿನ ಸಡಿಲ ಜಾಗದಲ್ಲಿ ಕಿಡಿ ಹಾರಿ ಚರಚರ ಅನ್ನುತ್ತದೆ. ಗೀಸರ್ ಹಾಕುವ 16 ಆಂಪಿಯರಿನ ಸಾಕೆಟ್ಟೇ ಇದಕ್ಕೂ ಬೇಕು. ಪ್ಲಗ್ಗಿನ ಕಾಲು ಮುಟ್ಟಿದರೆ ಸುಡುವಷ್ಟು ಬಿಸಿ ಇದ್ದರೆ, ಕಪ್ಪಾಗಿದ್ದರೆ, ಮೊದಲು ಇಲೆಕ್ಟ್ರಿಷಿಯನ್ ಕರೆಸಿ.

ಬೇಸಿಗೆಯಲ್ಲಿ ವೋಲ್ಟೇಜ್ ಇಳಿದಾಗ ಫ್ಯಾನಿನ ದನಿ ಮಂಕಾಗುವುದನ್ನು ಕೇಳಿರಬಹುದು. ಆಗ ಕೆಟ್ಟಿರುವುದು ಮೆಷಿನ್ನಲ್ಲ. 230ರ ಬದಲು 180 ವೋಲ್ಟ್ ಬಂದರೆ 1500 ವ್ಯಾಟಿನ ಹೀಟರ್ ಸುಮಾರು 920 ವ್ಯಾಟಿಗೆ ಇಳಿಯುತ್ತದೆ, ಫ್ಯಾನೂ ನಿಧಾನವಾಗುತ್ತದೆ. ಬೇಯಲು ಜಾಸ್ತಿ ಹೊತ್ತು ಹಿಡಿಯುತ್ತದೆ. ಸಂಜೆ ಮಂಕಾಗಿದ್ದ ದನಿ ಮರುದಿನ ಬೆಳಿಗ್ಗೆ ಸರಿಯಿದ್ದರೆ ಸ್ಕ್ರೂಡ್ರೈವರ್ ಒಳಗಿಡಿ.

ಇಷ್ಟೆಲ್ಲ ಆದ ಮೇಲೆ ಕೀಂ ಅನ್ನುವುದು ಉಳಿದೇ ಇದ್ದರೆ, ಅದರಲ್ಲೂ ಬಿಸಿಯಾದಷ್ಟೂ ಏರುತ್ತಿದ್ದರೆ, ಆಗ ಮೋಟರಿನ ಮಾತು. ಬದಲಿಸುವ ಖರ್ಚು ಹೊಸದರ ಬೆಲೆಯ ಅರ್ಧ ದಾಟಿದರೆ ನಾನಂತೂ ಬದಲಿಸುವುದಿಲ್ಲ. ನಮ್ಮದಕ್ಕೆ ಆ ಗತಿ ಬರಲಿಲ್ಲ. ಕಟ್ಟೆಯ ಆ ಕಡೆಯ ತುದಿಗೆ, ಹಿಟ್ಟಿನಿಂದ ದೂರ ಒಯ್ದು ಇಟ್ಟೆವು. ಅಡಿಯಲ್ಲಿ ಚಾಪೆ, ಹಿಂದೆ ಅರ್ಧ ಗೇಣು ಜಾಗ.

ಮೊದಲ ದಿನವೇ ಮತ್ತೆ ಕಿಣಿಕಿಣಿ ಸದ್ದು. ನನ್ನ ಎದೆ ಧಸಕ್ಕೆಂದಿತು. ಬುಟ್ಟಿ ತೆಗೆದೆ, ತಟ್ಟೆ ತೆಗೆದೆ, ಮೈ ಒತ್ತಿದೆ. ನಿಲ್ಲಲಿಲ್ಲ. ಅವ್ವ ಆ ತುದಿಯಿಂದ ರೊಟ್ಟಿಯ ಕೈಯಲ್ಲೇ ಎದ್ದು ಬಂದಳು. ನನ್ನ ತಲೆಯ ಮೇಲಿದ್ದ ಸ್ಟೀಲ್ ಸ್ಟ್ಯಾಂಡಿನಿಂದ ಎರಡು ಲೋಟ ಎತ್ತಿ ದೂರ ಇಟ್ಟಳು. ಕಿಣಿಕಿಣಿ ನಿಂತಿತು.

"ಅದರ ಮ್ಯಾಲ ಯಾಕ ಸಿಟ್ಟಾಗ್ತಿ?" ಅಂದಳು.